ಪೇಟಿಯಿಂದ ಪಿಯಾನೋಗೆ: ಹದಿಮೂರಕ್ಕೆ ತಡವಾಯ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಗಂಗಾವತಿ. ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಗಳಿಗೆ ಹದಿಮೂರು, ಎಂಟನೇ ಕ್ಲಾಸು. ಏಳನೇ ವಯಸ್ಸಿನಿಂದ ಅವಳ ತಾತನ ಹತ್ತಿರ ಹಾರ್ಮೋನಿಯಂ ಕಲಿತಿದ್ದಾಳೆ. ತಾತ ಭಜನೆಗೆ, ದೊಡ್ಡಾಟಕ್ಕೆ ಪೇಟಿ ಬಾರಿಸಿದವರು. ಎರಡು ವರ್ಷದ ಹಿಂದೆ 61 ಕೀಗಳ ಕೀಬೋರ್ಡ್ ಕೊಡಿಸಿದೆ. ಈಗ ಮೊಬೈಲಿನಲ್ಲಿ ಜಾರ್ಜ್ ಗರ್ಶ್ವಿನ್ ಅನ್ನೋ ಅಮೆರಿಕದವನ 'ರಾಪ್ಸೊಡಿ ಇನ್ ಬ್ಲೂ' ಕೇಳಿ ಹುಚ್ಚು ಹಿಡಿಸಿಕೊಂಡಿದ್ದಾಳೆ. ಶುರುವಿನಲ್ಲಿ ನಮ್ಮ ಶಹನಾಯಿ ಹಾಗೆ ಒಂದು ವಾದ್ಯ ಜಾರುತ್ತಾ ಮೇಲೆ ಹೋಗುತ್ತದಲ್ಲ, ಅದನ್ನು ದಿನಕ್ಕೆ ಹತ್ತು ಸಲ ಹಾಕುತ್ತಾಳೆ. 'ನಾನೂ ಪಿಯಾನೋ ಬಾರಿಸ್ತೀನಿ, ಟ್ಯೂನ್ ಹಾಕ್ತೀನಿ, ಸಿನಿಮಾಕ್ಕೂ ಮಾಡ್ತೀನಿ' ಅನ್ನುತ್ತಾಳೆ. ಇಲ್ಲಿ ಪಿಯಾನೋ ಕಲಿಸುವವರಿಲ್ಲ. ಐದು ವರ್ಷಕ್ಕೇ ಶುರು ಮಾಡಬೇಕಿತ್ತು ಅಂತ ಒಬ್ಬರು, ಹಾರ್ಮೋನಿಯಂ ಹಿಡಿದ ಕೈ ಪಿಯಾನೋಗೆ ಕೆಟ್ಟಿರುತ್ತೆ ಅಂತ ಇನ್ನೊಬ್ಬರು. ಎರಡು ದೋಣಿಗೆ ಕಾಲಿಡಬೇಡಿ, ಯಾವುದಾದರೂ ಒಂದನ್ನು ಕಲಿಸಿ ಅಂತ ಅವಳ ಸ್ಕೂಲಿನ ಮೇಷ್ಟ್ರು. ಬಳ್ಳಾರಿಯಲ್ಲಿ ಒಬ್ಬರು ಹಳೇ ಪಿಯಾನೋ ಅರವತ್ತು ಸಾವಿರಕ್ಕೆ ಕೊಡ್ತೀನಿ ಅಂದಿದ್ದಾರೆ. ತಗೊಳ್ಳಲಾ? ಇದರಲ್ಲಿ ಹೊಟ್ಟೆ ತುಂಬುತ್ತಾ? ಆ ಗರ್ಶ್ವಿನ್ ಹೇಗೆ ಕಲಿತನೋ ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅರವತ್ತು ಸಾವಿರ ಹಾಕಬೇಕಾ ಬೇಡವಾ ಅನ್ನೋದು ಮೇಲಿನ ಪ್ರಶ್ನೆ. ಒಳಗೆ ಇನ್ನೊಂದಿದೆ. ಎಲ್ಲಾ ಮಾಡ್ತೀನಿ ಅನ್ನೋ ಹುಡುಗಿ ಕೊನೆಗೆ ಯಾವುದೂ ಕೈಗೆ ಹತ್ತದೆ ಕೂತರೆ ಏನು ಗತಿ ಅನ್ನೋ ಹೆದರಿಕೆ. ಅದಕ್ಕೇ ಮೊದಲು ಗರ್ಶ್ವಿನ್ ಕತೆ ಹೇಳುತ್ತೇನೆ, ಪಿಯಾನೋ ವ್ಯಾಪಾರ ಆಮೇಲೆ. ಅವನ ಕತೆಯಲ್ಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ.

ಗರ್ಶ್ವಿನ್ ಹುಟ್ಟಿದ್ದು 1898ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ಅಪ್ಪ ಇವತ್ತು ಬೇಕರಿ, ನಾಳೆ ಹೋಟೆಲು, ನಾಡಿದ್ದು ಸ್ನಾನದ ಮನೆ ಅಂತ ಒಂದರ ಮೇಲೊಂದು ವ್ಯಾಪಾರ ಬದಲಾಯಿಸಿದವರು. ವ್ಯಾಪಾರ ಬದಲಾದಾಗೆಲ್ಲ ಮನೆಯೂ ಬದಲು. ಸಂಗೀತದ ಮನೆತನ ಏನೂ ಅಲ್ಲ. 1910ರಲ್ಲಿ ಮನೆಗೆ ಪಿಯಾನೋ ಬಂತು, ಅದೂ ಅಣ್ಣ ಐರಾಗೆ ಅಂತ. ಆಗ ಜಾರ್ಜ್‌ಗೆ ಹನ್ನೆರಡರ ಆಸುಪಾಸು. ಪಿಯಾನೋ ಒಳಗೆ ಇಟ್ಟ ಕೂಡಲೇ ಹೋಗಿ ಕೂತು ಆಗಿನ ಕಾಲದ ಒಂದು ಹಾಡು ಬಾರಿಸಿಬಿಟ್ಟ. ಮನೆಯವರಿಗೆಲ್ಲ ಆಶ್ಚರ್ಯ. ಗುಟ್ಟು ಏನಂದರೆ, ಗೆಳೆಯನ ಮನೆಯಲ್ಲಿ ಪಿಯಾನೋಲಾ ಇತ್ತು. ಕಾಲಿನಲ್ಲಿ ತುಳಿದರೆ ತೂತು ಹೊಡೆದ ಕಾಗದದ ಸುರುಳಿ ಓಡುತ್ತದೆ, ಕೀಗಳು ತಮ್ಮಷ್ಟಕ್ಕೆ ಇಳಿದು ಏಳುತ್ತವೆ. ಇವನು ಇಳಿಯುವ ಕೀಗಳ ಮೇಲೆ ಬೆರಳಿಟ್ಟು ಕಲಿತಿದ್ದ. ಯೂಟ್ಯೂಬ್ ನೋಡಿ ಬೆರಳಾಡಿಸುವ ನಿಮ್ಮ ಮಗಳಿಗೂ ಅವನಿಗೂ ಜಾಸ್ತಿ ದೂರ ಇಲ್ಲ ನೋಡಿ.

ಆಮೇಲೆ ಒಬ್ಬ ಒಳ್ಳೆಯ ಗುರು ಸಿಕ್ಕರು, ಚಾರ್ಲ್ಸ್ ಹ್ಯಾಂಬಿಟ್ಜರ್. ಯುರೋಪಿನ ಶಾಸ್ತ್ರೀಯ ಸಂಗೀತಗಾರರಾದ ಶೋಪಾನ್, ಲಿಸ್ಟ್, ಡೆಬ್ಯೂಸಿಯ ಕೃತಿಗಳನ್ನು ಪರಿಚಯ ಮಾಡಿಸಿದ್ದು ಅವರೇ. ಆದರೆ ನನ್ನ ಲೆಕ್ಕದಲ್ಲಿ ಗರ್ಶ್ವಿನ್‌ನನ್ನು ಗರ್ಶ್ವಿನ್ ಮಾಡಿದ್ದು ಒಂದು ಕೂಲಿ ಕೆಲಸ. ಹದಿನೈದನೇ ವಯಸ್ಸಿಗೆ, 1914ರಲ್ಲಿ, ರೆಮಿಕ್ ಅನ್ನೋ ಹಾಡಿನ ಪ್ರಕಾಶಕರ ಹತ್ತಿರ ವಾರಕ್ಕೆ 15 ಡಾಲರಿಗೆ ಸೇರಿಕೊಂಡ. ಆಗ ರೇಡಿಯೋ ಇನ್ನೂ ಬಂದಿರಲಿಲ್ಲ. ಜನ ಹಾಡಿನ ಸ್ವರ ಅಚ್ಚು ಹಾಕಿದ ಹಾಳೆ ಕೊಂಡು ಮನೆಯಲ್ಲಿ ಬಾರಿಸಿಕೊಳ್ಳುತ್ತಿದ್ದರು. ಅಂಗಡಿಗೆ ಬಂದ ಗಾಯಕರಿಗೆ, ನಾಟಕದವರಿಗೆ ಹೊಸ ಹಾಡು ಬಾರಿಸಿ ತೋರಿಸಿ ಒಪ್ಪಿಸುವುದು ಇವನ ಕೆಲಸ. ಬೆಳಗಿನಿಂದ ಸಂಜೆವರೆಗೆ ಅದೇ. ಒಬ್ಬಳ ಶ್ರುತಿ ಮೇಲೆ, ಇನ್ನೊಬ್ಬನದು ಕೆಳಗೆ. ಹಾಡನ್ನು ಕೂತಲ್ಲೇ ಬೇರೆ ಶ್ರುತಿಗೆ ಎತ್ತಿ ಇಡಬೇಕು. ಕೇಳುವವರಿಗೆ ಬೇಜಾರಾಗಬಾರದು, ಹಾಗಾಗಿ ಪ್ರತಿ ಸಲ ಸ್ವಲ್ಪ ಬೇರೆ ಬಾರಿಸಬೇಕು. ಹಾಡಿನ ಪ್ರಕಾಶಕರೆಲ್ಲ ಸೇರಿದ್ದ ಬೀದಿಯಲ್ಲಿ ಅಂಗಡಿ ಅಂಗಡಿಯ ಪಿಯಾನೋ ಸದ್ದು ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತಂತೆ. ಅದಕ್ಕೇ ಟಿನ್ ಪ್ಯಾನ್ ಆಲಿ, ಅಂದರೆ ತಗಡಿನ ಡಬ್ಬದ ಓಣಿ ಅನ್ನೋ ಹೆಸರು.

ಇದನ್ನು ಓದುವಾಗ ನಿಮಗೆ ಯಾರ ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನಮ್ಮ ನಾಟಕ ಕಂಪನಿಯ ಪೇಟಿ ಮಾಸ್ತರರ ನೆನಪು ಬರುತ್ತದೆ.

ನಾನು ಬಳ್ಳಾರಿಯಲ್ಲಿ ಇಪ್ಪತ್ತಾರು ವರ್ಷದಿಂದ ಪಿಯಾನೋ, ಕೀಬೋರ್ಡ್ ಕಲಿಸುತ್ತಿದ್ದೇನೆ. ಅದಕ್ಕೂ ಮುಂಚೆ ಆರ್ಕೆಸ್ಟ್ರಾ, ಸ್ಟುಡಿಯೋ ಅಂತ ಓಡಾಡಿದವನು. ಆದರೆ ಮೊದಲ ಗುರುಗಳು ಕಾಲು ಹಾರ್ಮೋನಿಯಂ ತುಳಿಯುತ್ತಿದ್ದ ಒಬ್ಬ ಪೇಟಿ ಮಾಸ್ತರರು. ನನಗೆ ಹದಿನೇಳು ಇದ್ದಾಗ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದ ಒಂದು ಕಂಪನಿಯಲ್ಲಿ ಪೇಟಿಯವರಿಗೆ ಜ್ವರ ಬಂತು. ಗುರುಗಳು ನನ್ನನ್ನು ಕಳಿಸಿದರು. ಹಾಡೆಲ್ಲ ಬಾಯಿಪಾಠ ಇತ್ತು, ಹೆದರಿಕೆ ಇರಲಿಲ್ಲ. ಮುಖ್ಯ ಪಾತ್ರದಮ್ಮ ಕರಿ ನಾಲ್ಕರಲ್ಲಿ, ಅಂದರೆ ನಾಲ್ಕನೇ ಕರಿ ಕೀಯನ್ನು ಷಡ್ಜ ಮಾಡಿಕೊಂಡು ಹಾಡುವವರು. ಅವತ್ತು ಗಂಟಲು ಕಟ್ಟಿತ್ತು, ಯಾರಿಗೂ ಹೇಳದೆ ಕರಿ ಮೂರಕ್ಕೆ ಇಳಿದುಬಿಟ್ಟರು. ನನಗೆ ಆ ಹಾಡು ಕರಿ ನಾಲ್ಕರಲ್ಲಿ ಮಾತ್ರ ಗೊತ್ತು! ಹುಡುಕಾಡಿ ಹುಡುಕಾಡಿ ಶ್ರುತಿ ಹಿಡಿಯುವಷ್ಟರಲ್ಲಿ ಪಲ್ಲವಿ ಮುಗಿದಿತ್ತು. ಪರದೆ ಪಕ್ಕಕ್ಕೆ ಬಂದು ಆಯಮ್ಮ ಅಂದದ್ದು ಇಷ್ಟೇ: "ತಮ್ಮಾ, ಪೇಟಿ ಇಲ್ಲೇ ಐತಿ. ನೀ ಎಲ್ಲಿದ್ದಿ?" ಮರುದಿನದಿಂದ ಒಂದು ಹಾಡನ್ನು ಹನ್ನೆರಡು ಶ್ರುತಿಯಲ್ಲಿ ಬಾರಿಸದೆ ಅದನ್ನು ಕಲಿತೆ ಅಂತ ನಾನು ಹೇಳಿಲ್ಲ.

ಎರಡು ದೋಣಿಯ ಮಾತಿಗೆ ಈಗ ಬರುತ್ತೇನೆ. ಮೇಷ್ಟ್ರು ಹೇಳಿದ್ದು ಪೂರ್ತಿ ತಪ್ಪಲ್ಲ. ಒಂದು ತಿಂಗಳು ಪಿಯಾನೋ, ಮುಂದಿನ ತಿಂಗಳು ಗಿಟಾರು, ಆಮೇಲೆ ಡ್ರಮ್ಸು ಅಂತ ಹಾರುವ ಮಕ್ಕಳನ್ನು ನಾನೂ ನೋಡಿದ್ದೇನೆ. ಆದರೆ ಎಲ್ಲ ಥರದ್ದೂ ಬಾರಿಸುವ, ಜೊತೆಗೆ ಸ್ವಂತ ಸಂಗೀತ ಬರೆಯುವ ಜನ ಹಾಗೆ ಹಾರಿ ಆದವರಲ್ಲ. ಅವರ ಮುಂದೆ ಕೆಲಸ ಇತ್ತು. ಕೇಳಿದವರಿಗೆ ಬೇಕಾದದ್ದು ಬಾರಿಸಲೇಬೇಕಾಗಿತ್ತು. ಗದುಗಿನ ಪುಟ್ಟರಾಜ ಗವಾಯಿಗಳನ್ನೇ ತಗೊಳ್ಳಿ. ಹಾರ್ಮೋನಿಯಂ, ಪಿಟೀಲು, ತಬಲಾ, ಸಾರಂಗಿ ಎಲ್ಲ ಕೈಯಲ್ಲಿತ್ತು. ಹಿಂದೂಸ್ತಾನಿಯೂ ಬರುತ್ತಿತ್ತು, ಕರ್ನಾಟಕ ಸಂಗೀತವೂ ಬರುತ್ತಿತ್ತು. ಪುರಾಣ ಬರೆದರು, ನಾಟಕ ಬರೆದರು, ನಾಟಕ ಕಂಪನಿಯನ್ನೂ ನಡೆಸಿದರು. ಆಶ್ರಮದ ಮಕ್ಕಳಿಗೆ ಊಟ ಹಾಕಬೇಕಿತ್ತು. ಕಂಪನಿಗೆ ಹೊಸ ಹಾಡು ಬೇಕು ಅಂದರೆ ಯಾರೋ ಕೂತು ಕಟ್ಟಲೇಬೇಕಲ್ವಾ?

ಹಾಗಾಗಿ ನಾನು ನಿಮಗೆ ಹೇಳುವ ದೊಡ್ಡ ಸಲಹೆ ಒಂದೇ. ನಿಮ್ಮ ಮಗಳಿಗೆ ಪಿಯಾನೋ ಹುಡುಕುವ ಮುಂಚೆ ವಾರಕ್ಕೊಂದು ಸಲ ಅವಳ ಪಕ್ಕವಾದ್ಯ ಬೇಕಾಗಿರುವ ಜಾಗ ಹುಡುಕಿ. ಭಜನೆ ಮಂಡಳಿ ಆಗಬಹುದು, ಸ್ಕೂಲಿನ ಪ್ರಾರ್ಥನೆ ಆಗಬಹುದು, ಚರ್ಚಿನ ಹಾಡಿನ ತಂಡ ಆಗಬಹುದು. ಅವರು ಹೇಳಿದ ಶ್ರುತಿ, ಅವರು ಹಾಡುವ ವೇಗ, ಅವರ ತಪ್ಪಿಗೂ ಹೊಂದಿಕೊಂಡು ಬಾರಿಸಬೇಕು. ಒಂದು ಎಚ್ಚರಿಕೆ ಮಾತ್ರ ಇರಲಿ. ರಾತ್ರಿಯೆಲ್ಲ ನಡೆಯುವ ಆಟಗಳಿಗೆ ಈ ವಯಸ್ಸಿನಲ್ಲಿ ಬೇಡ. ಇನ್ನೊಂದು, ಹುಡುಗಿ ಬಾರಿಸ್ತಾಳೆ ಅಂತ ಗೊತ್ತಾದರೆ ಊರಿನ ಪ್ರತಿ ಸೀಮಂತಕ್ಕೂ ನಾಮಕರಣಕ್ಕೂ ಪುಕ್ಕಟೆ ಕರೆ ಬರುತ್ತದೆ. ವಾರಕ್ಕೆ ಒಂದು ಅಂತ ನೀವೇ ಗೆರೆ ಹಾಕಿ. ಇಲ್ಲದಿದ್ದರೆ ಗೊತ್ತಿದ್ದ ಹತ್ತು ಹಾಡನ್ನೇ ಬಾರಿಸಿ ಬಾರಿಸಿ ಕಲಿಕೆ ಅಲ್ಲೇ ನಿಲ್ಲುತ್ತದೆ.

ವಯಸ್ಸಿನ ವಿಷಯ ಚಿಕ್ಕದು. ದೊಡ್ಡ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆಲ್ಲುವ ಶಾಸ್ತ್ರೀಯ ಪಿಯಾನೋ ವಾದಕರು ಬಹುಪಾಲು ಐದಾರು ವರ್ಷಕ್ಕೇ ಶುರು ಮಾಡಿದವರು, ನಿಜ. ಆ ದಾರಿ ಅವಳಿಗೆ ಕಷ್ಟ. ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಅವಳು ಕೇಳುತ್ತಿರುವುದು ಆ ದಾರಿ ಅಲ್ಲ. ಗರ್ಶ್ವಿನ್ ದಾರಿಗೆ ಹನ್ನೆರಡು ಹದಿಮೂರು ತಡವೇ ಅಲ್ಲ. ಇನ್ನೂ ಹತ್ತಿರದ ಮಾತು ಬೇಕಾದರೆ ಇಳಯರಾಜ ಇದ್ದಾರೆ. 1943ರಲ್ಲಿ ತಮಿಳುನಾಡಿನ ಪಣ್ಣೈಪುರಂ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. ಅಣ್ಣನ ತಂಡದ ಜೊತೆ ಊರೂರು ಸುತ್ತಿ ಹಾರ್ಮೋನಿಯಂ ಬಾರಿಸಿದರು. ಮದ್ರಾಸಿಗೆ ಬಂದು ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸ್ವರಲಿಪಿ, ಪಿಯಾನೋ ಕಲಿಯಲು ಕೂತಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅದಾದ ಮೇಲೆ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಎಷ್ಟೋ ಕನ್ನಡ ಸಿನಿಮಾಗಳಿಗೆ ದುಡಿದರು. 2025ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಅವರದೇ ಸಿಂಫನಿಯನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿಯನ್ನು, ವಾದ್ಯವೃಂದ ನುಡಿಸಿತು. ಆಗ ವಯಸ್ಸು ಎಂಬತ್ತೊಂದು. ಶುರುವಾಗಿದ್ದು ಪೇಟಿಯಿಂದಲೇ.

ನಿಮ್ಮ ಮಗಳಿಗೆ ಹದಿಮೂರಕ್ಕೆ ಶುರು ಅನ್ನೋದೇ ತಪ್ಪು ಲೆಕ್ಕ. ಆರು ವರ್ಷದ ಕಿವಿ ಅವಳ ಹತ್ತಿರ ಆಗಲೇ ಇದೆ. ಸ್ವರ ಕೇಳಿದ ಕೂಡಲೇ ಬೆರಳು ಹೋಗುತ್ತದೆ. ಪುಸ್ತಕ ನೋಡಿ ಮಾತ್ರ ಬಾರಿಸುವ ನನ್ನ ಎಷ್ಟೋ ಶಿಷ್ಯರಿಗೆ ಅದೇ ಬರುವುದಿಲ್ಲ.

ಹಾಗಾದರೆ ಹಾರ್ಮೋನಿಯಂ ಕೈ ಕೆಡಿಸುತ್ತದಾ? ಕೆಡಿಸುವುದಿಲ್ಲ. ಆದರೆ ಅರ್ಧ ಕೈಯನ್ನು ಹಾಗೇ ಬಿಟ್ಟಿರುತ್ತದೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮುಂದಿನ ಎರಡು ವರ್ಷದ ಕೆಲಸ ಇಲ್ಲೇ ಇರೋದು.

ಪೇಟಿಯಲ್ಲಿ ಸದ್ದು ಗಾಳಿಯಿಂದ. ಎಡಗೈ ತಿದಿ ಒತ್ತುತ್ತದೆ, ಗಾಳಿ ರೀಡನ್ನು ನಡುಗಿಸುತ್ತದೆ. ಕೀ ಅಂದರೆ ಬಾಗಿಲು ಇದ್ದ ಹಾಗೆ, ತೆಗೆಯುವುದು ಮುಚ್ಚುವುದು ಅಷ್ಟೇ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಪಿಯಾನೋದಲ್ಲಿ ಕೀ ಒತ್ತಿದರೆ ಒಳಗೆ ಉಣ್ಣೆಯ ಫೆಲ್ಟ್ ಹೊದಿಸಿದ ಸುತ್ತಿಗೆ ಎದ್ದು ತಂತಿಗೆ ಹೊಡೆದು ಹಿಂದೆ ಬೀಳುತ್ತದೆ. ಸದ್ದು ಎಷ್ಟು ದೊಡ್ಡದು ಅನ್ನೋದು ಕೀ ಎಷ್ಟು ಬೇಗ ಇಳಿಯಿತು ಅನ್ನೋದರ ಮೇಲೆ. ಸುಮಾರು 1700ರಲ್ಲಿ ಇಟಲಿಯ ಕ್ರಿಸ್ಟೊಫೊರಿ ಈ ವಾದ್ಯ ಮಾಡಿದ್ದೇ ಮೆಲ್ಲಗೆ ಮತ್ತು ಜೋರಾಗಿ ಎರಡೂ ಬರಲಿ ಅಂತ. ಒಮ್ಮೆ ಹೊಡೆದಾದ ಮೇಲೆ ಕೀಯನ್ನು ಎಷ್ಟು ಅದುಮಿದರೂ ಪ್ರಯೋಜನ ಇಲ್ಲ. ಪೇಟಿಯಿಂದ ಬಂದವರು ಮಾಡುವ ಮೊದಲ ತಪ್ಪು ಅದೇ. ಅದುಮಿ ಹಿಡಿದುಕೊಂಡು ಕೂತಿರುತ್ತಾರೆ, ಮುಂಗೈ ಕಲ್ಲಾಗುತ್ತದೆ, ಆರು ತಿಂಗಳಿಗೆ ನೋವು. ನೋವು ಬಂದ ದಿನ ಬಾರಿಸಬಾರದು. ಸಾಧನೆ ಮಾಡಿದರೆ ನೋವು ಹೋಗುತ್ತೆ ಅನ್ನೋದು ಹಳೇ ಮೂಢನಂಬಿಕೆ. ನೆಲದ ಮೇಲೆ ಕೂತು ಅಭ್ಯಾಸ ಆದವಳು ಸ್ಟೂಲಿನ ಮೇಲೆ ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಮಂಚದ ಮೇಲೆ ಕೀಬೋರ್ಡ್ ಇಟ್ಟು ಬಗ್ಗಿ ಬಾರಿಸುವುದು ಇವತ್ತೇ ನಿಲ್ಲಲಿ.

ಇನ್ನು ಹೆಬ್ಬೆರಳು. ಪೇಟಿ ಬಾರಿಸುವ ಎಷ್ಟೋ ಜನ ತೋರುಬೆರಳು, ನಡುಬೆರಳು, ಉಂಗುರದ ಬೆರಳಿನಲ್ಲೇ ಕೆಲಸ ಮುಗಿಸುತ್ತಾರೆ. ಹೆಬ್ಬೆರಳು ಹೊರಗೆ ನೇತಾಡುತ್ತದೆ, ಕಿರುಬೆರಳು ಸುಮ್ನೆ ಮೇಲೆದ್ದಿರುತ್ತದೆ. ಇದಕ್ಕೆ ನಾಚಿಕೊಳ್ಳಬೇಕಿಲ್ಲ. ಯುರೋಪಿನಲ್ಲೂ ಮೊದಲು ಹಾಗೇ ಇತ್ತು. ಜರ್ಮನಿಯ ಹೆಸರಾಂತ ಸಂಗೀತಗಾರ ದೊಡ್ಡ ಬಾಖ್ ತಾನು ಚಿಕ್ಕವನಿದ್ದಾಗ ದೊಡ್ಡ ದೊಡ್ಡ ವಾದಕರು ಬೆರಳು ತುಂಬಾ ಚಾಚಬೇಕಾದಾಗ ಮಾತ್ರ ಹೆಬ್ಬೆರಳು ಬಳಸುತ್ತಿದ್ದರು ಅಂತ ಮಗನಿಗೆ ಹೇಳಿದ್ದನಂತೆ. ಆ ಮಗ, ಸಿ.ಪಿ.ಇ. ಬಾಖ್, 1753ರ ತನ್ನ ಪುಸ್ತಕದಲ್ಲಿ ಇದನ್ನು ಬರೆದಿಟ್ಟು ಹೆಬ್ಬೆರಳಿಗೆ ಮುಖ್ಯ ಜಾಗ ಕೊಟ್ಟ. ಬಿಳಿ ಒಂದರಿಂದ ಎಂಟು ಸ್ವರ ಹತ್ತುವಾಗ ಹೆಬ್ಬೆರಳು, ತೋರು, ನಡು ಆದ ಮೇಲೆ ಹೆಬ್ಬೆರಳು ಅಂಗೈ ಕೆಳಗೆ ನುಸುಳಿ ಮಧ್ಯಮಕ್ಕೆ ಹೋಗಬೇಕು. ಈ ನುಸುಳುವುದು ಸಲೀಸಾಗಲು ಎರಡು ಮೂರು ತಿಂಗಳು ಬೇಕು. ಆ ತಿಂಗಳುಗಳಲ್ಲಿ ಅವಳ ವೇಗ ಕಮ್ಮಿಯಾಗುತ್ತದೆ. ತಾತ ನೋಡಿ, ಇದ್ದದ್ದೂ ಹೋಯ್ತಲ್ಲೋ ಅನ್ನಬಹುದು. ಮೊದಲೇ ಹೇಳಿಟ್ಟಿರಿ.

ದೊಡ್ಡ ಕೊರತೆ ಎಡಗೈಯದು. ಆರು ವರ್ಷ ಅದು ಗಾಳಿ ಹಾಕಿದೆ, ಸ್ವರ ಮುಟ್ಟಿಲ್ಲ. ಕಾಲು ಹಾರ್ಮೋನಿಯಂನವರಿಗೆ ಈ ತೊಂದರೆ ಇರಲಿಲ್ಲ. ತುಳಿಯೋದು ಕಾಲು, ಎರಡೂ ಕೈ ಕೀಗಳ ಮೇಲೆ. ಅವಳಿಗೆ ಗೊತ್ತಿರುವ ಒಂದು ವಚನವನ್ನೋ ದಾಸರ ಪದವನ್ನೋ ತಗೊಳ್ಳಿ. ಬಲಗೈ ಹಾಡು, ಎಡಗೈ ತಾಳಕ್ಕೆ ಸರಿಯಾಗಿ ಬರೀ ಷಡ್ಜ, ಪಂಚಮ. ಎರಡು ವಾರ ಇಷ್ಟೇ ಸಾಕು. ಆಮೇಲೆ ಎಡಗೈಗೆ ಎರಡು ಮೂರು ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಆಮೇಲೆ ಅದೇ ಪದ ಬೇರೆ ಮೂರು ಶ್ರುತಿಯಲ್ಲಿ. ಕೊನೆಗೆ ಅದನ್ನೇ ಐದು ಗೆರೆಯ ಸ್ವರಲಿಪಿಯಲ್ಲಿ ಅವಳೇ ಬರೆಯಬೇಕು. ಬರೆಯೋದು ತುಂಬಾ ಜನ ಬಿಟ್ಟುಬಿಡುತ್ತಾರೆ. ಟ್ಯೂನ್ ಹಾಕ್ತೀನಿ ಅನ್ನೋ ಹುಡುಗಿಗೆ ಅದೇ ಮುಖ್ಯ. ಬಾಯಲ್ಲಿ ಹೇಳಿ ಪಿಟೀಲಿನವರಿಂದ ಬಾರಿಸಿಕೊಳ್ಳುವುದಕ್ಕೂ ಹಾಳೆ ಮುಂದಿಡುವುದಕ್ಕೂ ಎಷ್ಟು ವ್ಯತ್ಯಾಸ ಅನ್ನೋದು ಸ್ಟುಡಿಯೋದಲ್ಲಿ ಒಂದು ದಿನ ಕೂತರೆ ಗೊತ್ತಾಗುತ್ತದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಅಲ್ಲಿ.

ಕಿವಿಯ ಬಗ್ಗೆ ಒಂದು ಮಾತು. ಪೇಟಿ, ಪಿಯಾನೋ ಎರಡೂ ಶ್ರುತಿಯಲ್ಲಿ ಸ್ವಲ್ಪ ಮೋಸದ ವಾದ್ಯಗಳೇ. ಸ್ಥಾಯಿಯನ್ನು, ಅಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರವನ್ನು, ಹನ್ನೆರಡು ಸಮಭಾಗ ಮಾಡಿರುತ್ತಾರೆ. ಹಾಗಾಗಿ ಗಾಂಧಾರ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ಏರು. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿದರೆ ಸುಮಾರು 14 ಭಾಗದಷ್ಟು. ಈ ಥರದ ಕಾರಣಗಳಿಗೇ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ ಆಗಿತ್ತು. ಆದರೆ ಆ ಸಮಭಾಗ ಇಲ್ಲದಿದ್ದರೆ ಒಂದೇ ವಾದ್ಯದಲ್ಲಿ ಯಾವ ಶ್ರುತಿಗೆ ಬೇಕಾದರೂ ಹಾರುವುದು ಆಗುತ್ತಿರಲಿಲ್ಲ. ಅವಳು ತಂಬೂರಿ ಹಾಕಿಕೊಂಡು ದಿನಾ ಹತ್ತು ನಿಮಿಷ ಹಾಡಲಿ, ಎರಡೂ ಕಿವಿಯಲ್ಲಿ ಉಳಿಯುತ್ತವೆ.

ಈಗ ಬಳ್ಳಾರಿಯ ಹಳೇ ಪಿಯಾನೋ. ನನ್ನ ಉತ್ತರ: ಬೇಡ. ಕನಿಷ್ಠ ಈಗ ಬೇಡ.

ಪಿಯಾನೋ ಒಳಗೆ 220ಕ್ಕೂ ಹೆಚ್ಚು ತಂತಿಗಳಿರುತ್ತವೆ. ಎಲ್ಲ ಸೇರಿ ಎಳೆಯುವ ಬಲ ಸುಮಾರು 18 ಟನ್. ನಿಮ್ಮ ಮಿಲ್ಲಿಗೆ ಬರುವ ಒಂದು ಭತ್ತದ ಲಾರಿ ಲೋಡು ಅಂದುಕೊಳ್ಳಿ. ಆ ಭಾರ ಹೊರುವುದು ಕಬ್ಬಿಣದ ಚೌಕಟ್ಟು. ಆದರೆ ತಂತಿ ಸುತ್ತಿದ ಮೊಳೆಗಳು ಕೂತಿರೋದು ಮರದ ಹಲಗೆಯಲ್ಲಿ, ಸದ್ದು ಮೊಳಗಿಸುವುದು ಇನ್ನೊಂದು ತೆಳು ಮರದ ಹಲಗೆ. ಮರಕ್ಕೆ ಬೇಕಾದದ್ದು ವರ್ಷವಿಡೀ ಒಂದೇ ಥರದ ತೇವ, ಗಾಳಿಯಲ್ಲಿ ನೂರಕ್ಕೆ 40ರಿಂದ 50ರಷ್ಟು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿ ತುಟಿ ಒಡೆಯುತ್ತದೆ. ಮರ ಕುಗ್ಗುತ್ತದೆ, ಮೊಳೆ ಸಡಿಲ, ಶ್ರುತಿ ಕೆಳಗೆ. ಮಳೆಗಾಲದಲ್ಲಿ, ಸುತ್ತ ನೀರು ನಿಂತ ಗದ್ದೆ ಇರುವ ನಿಮ್ಮೂರಲ್ಲಂತೂ, ಮರ ಉಬ್ಬಿ ಕೀಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬಿಸಿಲಿಗಿಂತ ಈ ಏರಿಳಿತ ಕೆಟ್ಟದ್ದು.

ಇನ್ನೂ ಒಂದು ಶತ್ರು ಇದೆ, ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕೂಲರ್! ನೀರಿನ ಕೂಲರ್ ಹಾಕಿದ ಕೋಣೆಯಲ್ಲಿ ರಾತ್ರಿ ಗಾಳಿಯೆಲ್ಲ ತೇವ, ಬೆಳಿಗ್ಗೆ ಆರಿಸಿದ ಮೇಲೆ ಮಧ್ಯಾಹ್ನ ಪೂರ್ತಿ ಒಣ. ದಿನಕ್ಕೊಂದು ಮಳೆಗಾಲ, ಒಂದು ಬೇಸಿಗೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗನಿಗೆ ಅಂತ ಒಳ್ಳೆಯ ಪಿಯಾನೋ ತಂದು, ವಾದ್ಯಕ್ಕೆ ತಂಪಾಗಿರಲಿ ಅಂತ ಕೂಲರನ್ನು ಅದರ ಕಡೆಗೇ ತಿರುಗಿಸಿದ್ದರು. ಎರಡು ಬೇಸಿಗೆಗೆ ತಂತಿ ತುಕ್ಕು ಹಿಡಿಯಿತು, ಮೊಳೆಗಳು ತಿರುಗಿಸಿದರೂ ನಿಲ್ಲಲಿಲ್ಲ. ಪ್ರೀತಿಯಿಂದಲೇ ಕೊಂದರು.

ಪಿಯಾನೋಗೆ ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು. ಟ್ಯೂನರ್ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕು. ಹೋಗಿ ಬರುವ ಖರ್ಚು ನಿಮ್ಮದೇ. ವಾದ್ಯ ಸಾಗಿಸುವುದೂ ಸುಲಭ ಅಲ್ಲ, ಎರಡು ಕ್ವಿಂಟಲ್ ಮೇಲೆ ತೂಕ. ಅರವತ್ತು ಸಾವಿರ ಅಂದದ್ದು ಮೊದಲ ಕಂತು ಅಷ್ಟೇ.

ಅದೇ ದುಡ್ಡಿನೊಳಗೆ ಡಿಜಿಟಲ್ ಪಿಯಾನೋ ಸಿಗುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು: 88 ಕೀಗಳು, ಸುತ್ತಿಗೆಯ ತೂಕ ಇರುವ ಕೀಗಳು, ಕಾಲಿನ ಪೆಡಲ್, ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ. ಐನೂರು ಬಗೆಯ ಸದ್ದು ಇದೆ, ತಬಲಾ ಬೀಟ್ ಇದೆ ಅಂತ ಹೇಳಿದರೆ ಮರುಳಾಗಬೇಡಿ. ಕೀ ಒತ್ತಿದಾಗ ಎಡಗಡೆ ಸ್ವಲ್ಪ ಭಾರ, ಬಲಗಡೆ ಸ್ವಲ್ಪ ಹಗುರ ಅನ್ನಿಸಬೇಕು. ಶ್ರುತಿ ಮಾಡಿಸುವ ಗೋಜಿಲ್ಲ, ಹೆಡ್‌ಫೋನ್ ಹಾಕಿದರೆ ರಾತ್ರಿ ಹತ್ತಕ್ಕೂ ಬಾರಿಸಬಹುದು. ಕೊರತೆಯೂ ಇದೆ. ಕರೆಂಟ್ ಹೋದರೆ ಮೂಕ. ವೋಲ್ಟೇಜ್ ಏರಿಳಿದರೆ ಅಡಾಪ್ಟರ್ ಸುಡುತ್ತದೆ, ಸ್ಟೆಬಿಲೈಸರ್ ಇರಲಿ. ನಿಜವಾದ ತಂತಿಗಳು ಒಂದಕ್ಕೊಂದು ಸ್ಪಂದಿಸುವ ಆ ಗುಂಗು ಅದರಲ್ಲಿ ಪೂರ್ತಿ ಬರುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಬಳ್ಳಾರಿಗೆ ಕರೆದುಕೊಂಡು ಬಂದು ನಿಜವಾದ ಪಿಯಾನೋ ಮೇಲೆ ಒಂದು ಗಂಟೆ ಕೂರಿಸಿ. ಮೊದಲ ಆರು ತಿಂಗಳು ಈಗಿನ 61 ಕೀಗಳದ್ದರಲ್ಲೇ ನಡೆಯುತ್ತದೆ. ಅದು ಐದು ಸ್ಥಾಯಿ, ಎಡಗೈ ಪಾಠಕ್ಕೆ ಸಾಕು. ಒತ್ತುವ ವೇಗಕ್ಕೆ ತಕ್ಕಂತೆ ಸದ್ದು ಬದಲಾಗುವ ಕೀಗಳು ಅದರಲ್ಲಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬೇಗ ಬದಲಾಯಿಸಿ.

ಗುರುವಿನ ವಿಷಯ. ವಾರಕ್ಕೊಂದು ಆನ್‌ಲೈನ್ ಪಾಠ, ತಿಂಗಳಿಗೊಂದು ಎದುರು ಕೂತ ಪಾಠ ಅನ್ನೋದು ನಿಮ್ಮೂರಿಗೆ ಹೊಂದುತ್ತದೆ. ಮೊಬೈಲ್ ಮುಖದ ಮುಂದೆ ಇಡಬೇಡಿ, ಕೈಗಳ ಮೇಲಿನಿಂದ ಕಾಣುವ ಹಾಗೆ ಕಟ್ಟಿ. ಗುರು ನೋಡಬೇಕಾದದ್ದು ಮಣಿಕಟ್ಟು. ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಸಂಗೀತದ ಗ್ರೇಡ್ ಪರೀಕ್ಷೆಗಳನ್ನು ಈಗ ಮನೆಯಲ್ಲೇ ವಿಡಿಯೋ ಮಾಡಿ ಕಳಿಸಿ ಬರೆಯಬಹುದು. ಎರಡು ಮೂರು ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಒಳ್ಳೆಯದು, ಓದಿನಲ್ಲಿ ಶಿಸ್ತು ಬರುತ್ತದೆ. ವರ್ಷಾ ವರ್ಷ ಗ್ರೇಡ್ ಹತ್ತಿಸುವ ಹಟಕ್ಕೆ ಬಿದ್ದರೆ ವರ್ಷಪೂರ್ತಿ ಮೂರೇ ಮೂರು ಕೃತಿ ಬಾರಿಸಿ ಎಂಟನೇ ಗ್ರೇಡ್ ಪಾಸಾದ, ಆದರೆ ಹುಟ್ಟುಹಬ್ಬದ ಹಾಡನ್ನು ಪುಸ್ತಕ ಇಲ್ಲದೆ ಬಾರಿಸಲಾರದ ಮಕ್ಕಳಾಗುತ್ತಾರೆ. ಇದು ತಮಾಷೆಗೆ ಹೇಳಿದ್ದಲ್ಲ.

ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ವೇದಿಕೆ ಮೇಲೆ ಪಿಯಾನೋ ಬಾರಿಸಿಯೇ ಬದುಕುವವರು ನಮ್ಮ ದೇಶದಲ್ಲಿ ಕಮ್ಮಿ. ಕಲಿಸುವುದು, ಪಕ್ಕವಾದ್ಯ, ಜಾಹೀರಾತು, ರೆಕಾರ್ಡಿಂಗ್, ಬೇರೆಯವರ ಹಾಡಿಗೆ ವಾದ್ಯ ಹೊಂದಿಸುವುದು, ಇವೆಲ್ಲ ಸೇರಿ ಸಂಸಾರ ನಡೆಯುತ್ತದೆ. ನನ್ನದೂ ಹಾಗೇ ನಡೆದದ್ದು, ಕೆಲವು ವರ್ಷ ಕುಂಟುತ್ತಾ. ಕಂಪ್ಯೂಟರ್ ಬಂದ ಮೇಲೆ ಸ್ಟುಡಿಯೋದಲ್ಲಿ ಬಾರಿಸುವ ಕೆಲಸ ಬಹಳ ಕಡಿಮೆಯಾಗಿದೆ. ಹಾಗಾಗಿ ಹದಿನೈದಕ್ಕೆ ಬರುವಷ್ಟರಲ್ಲಿ ಅವಳಿಗೆ ಸಂಗೀತದ ಸಾಫ್ಟ್‌ವೇರ್ ಒಂದು ಚೆನ್ನಾಗಿ ಬರಬೇಕು. ಗರ್ಶ್ವಿನ್ ಹದಿನೈದಕ್ಕೆ ಶಾಲೆ ಬಿಟ್ಟ. ಅದೊಂದನ್ನು ಮಾತ್ರ ಅವನಿಂದ ಕಲಿಯಬಾರದು. ಅವನಿಗೆ ಸಿಕ್ಕ ವಾರದ ಸಂಬಳದ ಕೆಲಸ ಇವತ್ತು ಯಾವ ಬೀದಿಯಲ್ಲೂ ಇಲ್ಲ. ಪಿಯುಸಿ ಮುಗಿಯುವವರೆಗೆ ಓದು ನಿಲ್ಲದಿರಲಿ. ಆಮೇಲೆ ಚೆನ್ನೈ, ಬೆಂಗಳೂರಿನ ಸಂಗೀತ ಕಾಲೇಜುಗಳ ಮಾತು ತೆಗೆಯೋಣ.

ಅವಳು ದಿನಕ್ಕೆ ಹತ್ತು ಸಲ ಹಾಕುವ ಆ 'ಶಹನಾಯಿ' ಬಗ್ಗೆ ಹೇಳಿಬಿಡಿ, ಖುಷಿಪಡುತ್ತಾಳೆ. ಅದು ಕ್ಲಾರಿನೆಟ್. 1924ರ ಜನವರಿಯಲ್ಲಿ, ಗರ್ಶ್ವಿನ್ ಬ್ಯಾಂಡ್‌ಮಾಸ್ಟರ್ ಪಾಲ್ ವೈಟ್‌ಮನ್‌ಗೆ ದೊಡ್ಡ ಕೃತಿ ಬರೆಯುತ್ತಿದ್ದಾನೆ ಅಂತ ಪೇಪರಿನಲ್ಲಿ ಸುದ್ದಿ ಬಂತು. ಸುದ್ದಿ ಓದಿದ್ದು ಅಣ್ಣ ಐರಾ. ಗರ್ಶ್ವಿನ್ ಇನ್ನೂ ಶುರುವೇ ಮಾಡಿರಲಿಲ್ಲ. ಬಾಸ್ಟನ್‌ಗೆ ಹೋಗುವ ರೈಲಿನ ಗಡಗಡ ಸದ್ದಿನಲ್ಲಿ ಕೃತಿಯ ಆಕಾರ ಹೊಳೆಯಿತು ಅಂತ ಆಮೇಲೆ ಹೇಳಿಕೊಂಡ. ಕೆಲವೇ ವಾರಗಳಲ್ಲಿ ಮುಗಿಸಿದ. ವಾದ್ಯವೃಂದಕ್ಕೆ ಹೊಂದಿಸಿದ್ದು ಫರ್ಡಿ ಗ್ರೋಫೆ. ಶುರುವಿನಲ್ಲಿ ಗರ್ಶ್ವಿನ್ ಬರೆದಿದ್ದು ಬಿಡಿ ಬಿಡಿ ಸ್ವರಗಳ ಓಟ. ತಾಲೀಮಿನಲ್ಲಿ ಕ್ಲಾರಿನೆಟ್‌ನವನು ತಮಾಷೆಗೆ ಅದನ್ನು ಎಳೆದು ಜಾರಿಸಿದ. ಗರ್ಶ್ವಿನ್‌ಗೆ ಹಿಡಿಸಿತು, ಹಾಗೇ ಇರಲಿ ಅಂದ. ಫೆಬ್ರವರಿ 12ರ ಕಚೇರಿಯಲ್ಲಿ ಪಿಯಾನೋದ ಕೆಲವು ಭಾಗ ಇನ್ನೂ ಹಾಳೆಯಲ್ಲಿ ಇರಲೇ ಇಲ್ಲ. ಅಲ್ಲಿ ಅವನು ಮನೋಧರ್ಮದಿಂದ ಬಾರಿಸುವುದು, ತಲೆ ಆಡಿಸಿದಾಗ ಬ್ಯಾಂಡಿನವರು ಎತ್ತಿಕೊಳ್ಳುವುದು ಅಂತ ಒಪ್ಪಂದ. ಅವಳ ತಾತನಿಗೆ ಇದು ಹೊಸದೇನಲ್ಲ, ಕೇಳಿ ನೋಡಿ.

ವಾದ್ಯವೃಂದಕ್ಕೆ ತಾನೇ ಬರೆಯಲಿಲ್ಲ ಅನ್ನೋ ಕೊರತೆ ಅವನಿಗೂ ಇತ್ತು. ಮರುವರ್ಷದ ಪಿಯಾನೋ ಕನ್ಸರ್ಟೋಗೆ, ಅಂದರೆ ಪಿಯಾನೋ ಮುಂದೆ ವಾದ್ಯವೃಂದ ಜೊತೆಗೆ ಇರುವ ಕೃತಿಗೆ, ಎಲ್ಲ ವಾದ್ಯಗಳ ಭಾಗವನ್ನೂ ತಾನೇ ಬರೆದ. ಸರಿಯಾಗಿ ಕೇಳುತ್ತದಾ ಅಂತ ನೋಡಲು ಕಚೇರಿಗೆ ಮುಂಚೆ ದುಡ್ಡು ಕೊಟ್ಟು ವಾದ್ಯದವರನ್ನು ಕರೆಸಿ ಬಾರಿಸಿ ನೋಡಿದ. 1937ರಲ್ಲಿ ಮಿದುಳಿನ ಗಡ್ಡೆಯಿಂದ ತೀರಿಕೊಂಡಾಗ ಅವನಿಗೆ ಬರೀ 38. ಹೆಸರು, ದುಡ್ಡು ಎಲ್ಲ ಬಂದ ಮೇಲೂ, 1932ರಿಂದ ನಾಲ್ಕು ವರ್ಷ, ಜೋಸೆಫ್ ಶಿಲಿಂಗರ್ ಅನ್ನೋ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ.

ಹಳೇ ಪಿಯಾನೋದವರಿಗೆ ಮಾತು ಕೊಟ್ಟುಬಿಟ್ಟಿದ್ದರೆ, ನೋಡೋಕೆ ಹೋಗುವಾಗ ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ. ನಡುಸ್ಥಾಯಿಯ ಬಿಳಿ ಆರು, ಅಂದರೆ ಆರನೇ ಬಿಳಿ ಕೀ ಒತ್ತಿದಾಗ 440 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ತೋರಿಸಬೇಕು. 415ರ ಹತ್ತಿರ ಇದ್ದರೆ ಒಂದು ಪೂರ್ತಿ ಕೀಯಷ್ಟು ಇಳಿದುಹೋಗಿದೆ ಅಂತ ಅರ್ಥ. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಫೆಲ್ಟ್ ನೋಡಿ, ನುಸಿ ತಿಂದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಇವೆರಡರಲ್ಲಿ ಒಂದಿದ್ದರೂ ಚಹಾ ಕುಡಿದು ಎದ್ದು ಬನ್ನಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ವಾದ್ಯ ಎಷ್ಟೇ ಹಾಳಾಗಿದ್ದರೂ ಅವಳು ಮೊದಲ ಕೀ ಒತ್ತಿದ ಮೇಲೆ ನೀವು ಚೌಕಾಸಿ ಮಾಡಲು ಆಗುವುದಿಲ್ಲ.